ಪೂಜೆಯ ನಡುವೆ ಒಂದು ಮಾತು

ಕೊಟ್ಟೂರಿನ ಯಶೋಧಾ ಇನ್ಸುಲಿನ್ ಸೂಜಿ ಹಿಡಿದು ನಿಂತುಬಿಟ್ಟಿದ್ದಾಳೆ. ಅತ್ತೆಗೆ ಸೂಜಿ ಕೊಟ್ಟಾಯಿತೋ, ಇಲ್ಲವೋ?

ಈಗಷ್ಟೇ ಹಾಲು ಉಕ್ಕಿತ್ತು. ಮಗಳ ಶಾಲೆ ವ್ಯಾನು ಹಾರ್ನ್ ಹೊಡೆದಿತ್ತು. ಗಂಡ ಮಾರೇಶ್ ಬೈಕಿನ ಕೀಲಿಗಾಗಿ ಕೂಗಾಡಿದ್ದ. ಆ ಗದ್ದಲದಲ್ಲಿ ಏನು ಮಾಡಿದೆ ಎಂಬುದೇ ನೆನಪಿಲ್ಲ.

ಅತ್ತೆ ದಾಕ್ಷಾಯಣಮ್ಮ ಅಲ್ಲೇ ಲಿಂಗಪೂಜೆಗೆ ಕೂತಿದ್ದಾರೆ. ಪೂಜೆಯಲ್ಲಿ ಅವರು ಮಾತಾಡುವುದಿಲ್ಲ, ತೋಳು ಚಾಚುತ್ತಾರೆ ಅಷ್ಟೇ. ಆದರೂ ಕೇಳಬಹುದಿತ್ತಲ್ಲ? ಕೇಳಲಿಲ್ಲ. ನಿನ್ನೆ ಗ್ಯಾಸ್ ಆರಿಸುವುದು ಮರೆತಾಗ "ತಲಿ ಎಲ್ಲಿ ಮಾರಿ ಬಂದಿ?" ಎಂದು ಅತ್ತೆಯಿಂದ ಬೈಸಿಕೊಂಡಿದ್ದಳು. ದಿನಾ ನನ್ನದೇ ಗೋಳು, ಇವರಿಗೂ ಸಾಕಾಗಿದೆ ಎಂದುಕೊಂಡು ಸೂಜಿ ಚುಚ್ಚಿದಳು.

ಅದು ಎರಡನೇ ಸಲ!

ಸ್ವಲ್ಪ ಹೊತ್ತಿಗೆ ದಾಕ್ಷಾಯಣಮ್ಮನ ಮೈಯೆಲ್ಲ ಬೆವರು. ಅಂಗೈಯ ಲಿಂಗ ಗಡಗಡ ನಡುಗತೊಡಗಿತು. ಹೊಲಿದ ರವಿಕೆ ಕೊಡಲು ಬಂದಿದ್ದ ಪಕ್ಕದ ಮನೆಯ ತಬಸ್ಸುಮ್ ನೋಡಿ ಚೀರಿದಳು: "ಸಕ್ಕರಿ ನೀರು ತಾ ಅಕ್ಕಾ, ಲಗೂ! ಎಚ್ಚರ ಇರೋದ್ರಾಗ ಕುಡಿಸೋಣು!"

ಆಟೋ ಹಿಡಿದು ಆಸ್ಪತ್ರೆಗೆ ಓಡಿದರು. ಜೀವ ಉಳಿಯಿತು. ಚೇತರಿಸಿಕೊಂಡ ಅತ್ತೆ ಎರಡು ಸಲ ಸೂಜಿ ಬಿದ್ದದ್ದನ್ನು ಹೇಳಿದರು.

"ನಮ್ಮವ್ವನ್ನ ಕೊಲ್ಲಾಕತ್ತಿದ್ದಲ್ಲೇ!" ಎಂದ, ಸುದ್ದಿ ಕೇಳಿ ಓಡಿ ಬಂದ ಮಾರೇಶ್.

ಯಶೋಧಾ ಗೋಡೆಗೆ ಒರಗಿ ಅತ್ತಳು. "ನನ್ನ ತವರಿಗೆ ಬಿಟ್ಟು ಬರ್ರಿ. ನಾನಿದ್ರ ಎಲ್ಲಾರಿಗೂ ಹೊರಿ."

"ಹಂಗನಬ್ಯಾಡಕ್ಕ," ಎಂದಳು ತಬಸ್ಸುಮ್. "ನಾನೂ ಹಿಂಗ ಇದ್ದೆ. ಹೊಲಿಯಾಕ ಕೊಟ್ಟ ಬಟ್ಟಿ ಎಲ್ಲಿಟ್ಟೆ ಅಂತ ಹುಡುಕೋದ್ರಾಗ ದಿನಾ ಹೋಗ್ತಿತ್ತು. ಮನಸ್ಸಿನ ಡಾಕ್ಟರು ಎಡಿಎಚ್‌ಡಿ ಅಂದ್ರು. ಸಣ್ಣಂದಿರತಲೇ ಇರತೈತಂತ. ಗಮನ ಒಂದು ಕಡಿ ನಿಲ್ಲಂಗಿಲ್ಲ. ಮೈಗಳ್ಳತನ ಅಲ್ಲ ಅದು."

ಹಾಸಿಗೆಯಿಂದಲೇ ದಾಕ್ಷಾಯಣಮ್ಮ ಗೊಣಗಿದರು: "ಮರವಿಗೂ ಡಾಕ್ಟರಾ? ನಾಕು ಮಂದಿ ಏನಂದಾರು?"

"ದೊಡ್ಡಮ್ಮ, ಎರಡನೇ ಸೂಜಿ ಕೊಟ್ಟಾಗ ನೀವ್ಯಾಕ ಸುಮ್ಕಿದ್ರಿ?" ಎಂದು ತಬಸ್ಸುಮ್ ಕೇಳಿದಳು.

"ಪೂಜಿ ಬಿಟ್ಟು ಹೆಂಗ ಮಾತಾಡ್ಲಿ? ಡಾಕ್ಟರೇ ಹೇಳಿರಬೇಕು ಅನಕೊಂಡೆ."

"ಆಕಿ ಕೇಳಲಿಲ್ಲ, ನೀವು ಹೇಳಲಿಲ್ಲ. ನಿಮಗ ದಿನಾ ಒಬ್ಬರು ಸೂಜಿ ಕೊಡಬೇಕು. ಹಂಗಂತ ನೀವು ಈ ಮನಿಗೆ ಹೊರಿ ಏನ್ರಿ?"

"ನಾ ಯಾಕ ಹೊರಿ ಆಗ್ಲಿ?"

"ಮತ್ತ ಆಕಿ ಯಾಕ ಆಗ್ತಾಳ್ರಿ?"

ದಾಕ್ಷಾಯಣಮ್ಮ ಅಳುತ್ತಿದ್ದ ಸೊಸೆಯನ್ನು ಹತ್ತಿರ ಕರೆದರು. "ಆ ಡಾಕ್ಟರು ಎಲ್ಲಿ ಸಿಗತಾರ?" ಎಂದು ಮಾರೇಶ್ ಕೇಳಿದ.

ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರ ಹತ್ತಿರ ಅತ್ತೆ, ಗಂಡ, ಯಶೋಧಾ ಮೂವರೂ ಹೋದರು. ವೈದ್ಯರು ಬಾಲ್ಯದಿಂದ ಹಿಡಿದು ಎಲ್ಲ ವಿಚಾರಿಸಿ, ಎಡಿಎಚ್‌ಡಿಯೇ ಎಂದು ಖಚಿತಪಡಿಸಿ ಮಾತ್ರೆ ಕೊಟ್ಟರು. ಆಪ್ತ ಸಮಾಲೋಚಕಿ ಕೊಟ್ಟ ಮೊದಲ ಪಾಠ ಮಾತ್ರ ಮಾತ್ರೆಗಿಂತ ಕಹಿ: "ದಿನಕ್ಕೆ ಒಂದು ಸಹಾಯ ಬಾಯಿಬಿಟ್ಟು ಕೇಳಬೇಕು. ಕೇಳುವಾಗ 'ತಪ್ಪಾಯಿತು' ಅನ್ನಬಾರದು." ಯಶೋಧಾ ಅಲ್ಲೇ ಅತ್ತುಬಿಟ್ಟಳು. ಮದುವೆಯಾದಾಗಿನಿಂದ ಅವಳು ಅಂದದ್ದೇ ಆ ಮಾತು.

ಮನೆಯಲ್ಲಿ ಪದ್ಧತಿ ಬದಲಾಯಿತು. ಈಗ ಪೂಜೆ ಮುಗಿದ ಮೇಲೆ, ಊಟದ ತಾಟು ಮುಂದಿಟ್ಟೇ ಸೂಜಿ. ಮಾರೇಶ್ ಪಕ್ಕದಲ್ಲಿ ನಿಂತಿರುತ್ತಾನೆ.

ಒಂದು ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೊರಟ ಯಶೋಧಾ ಬಾಗಿಲಲ್ಲೇ ನಿಂತಳು. ಗ್ಯಾಸ್ ಆರಿಸಿದೆನೋ, ಇಲ್ಲವೋ? ವ್ಯಾನು ಹಾರ್ನ್ ಹೊಡೆಯುತ್ತಿದೆ. ಅತ್ತೆ ಕಣ್ಣು ಮುಚ್ಚಿ ಪೂಜೆಗೆ ಕೂತಿದ್ದಾರೆ. ಆದರೂ ಕೇಳಿದಳು:

"ಅತ್ತಿ, ಗ್ಯಾಸ್ ಆರಿಸೀನೇನ್ರಿ?"

ದಾಕ್ಷಾಯಣಮ್ಮ ಕಣ್ಣು ತೆರೆದು ಒಲೆಯ ಕಡೆ ನೋಡಿದರು. "ಆರಿಸೀದಿ ಯವ್ವಾ. ಹೋಗಿ ಬಾ."

ಮತ್ತೆ ಕಣ್ಣು ಮುಚ್ಚಿಕೊಂಡರು. ಆ ಮನೆಯಲ್ಲಿ ಪೂಜೆಯ ನಡುವೆ ಮಾತು ಕೇಳಿದ್ದು ಅದೇ ಮೊದಲು.

ಅಕ್ಕತಂಗಿಯರೇ, ಸಣ್ಣಂದಿನಿಂದ ಮರೆವು, ಚಡಪಡಿಕೆ, ಅರ್ಧಕ್ಕೇ ಉಳಿಯುವ ಕೆಲಸ ನಿಮ್ಮನ್ನು ಕಾಡುತ್ತಿವೆಯೇ? ನಿಮ್ಮನ್ನೇ ಬೈದುಕೊಂಡು ಕೂರಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಇನ್ಸುಲಿನ್ ಕೊಟ್ಟಿದ್ದೀರೋ ಇಲ್ಲವೋ ಎಂಬ ಅನುಮಾನ ಬಂದರೆ ಮತ್ತೆ ಕೊಡಬೇಡಿ, ವೈದ್ಯರನ್ನು ಕೇಳಿ. ಇನ್ನು ಮನೆಯವರೇ, ಅವಳು ಕೇಳಿದಾಗ ಬೈಯದೆ ಉತ್ತರ ಕೊಡಿ, ಪೂಜೆಗೆ ಕೂತಿದ್ದರೂ ಸರಿ.