ಪಾಲು ಹಾಕುವ ದಿನದ ಕೆಮ್ಮು

ಜವಳಗೇರಾದ ಆಚೆಗಿರುವ ನಮ್ಮೂರ ಕೆರೆಯಲ್ಲಿ ಮೀನು ಹಿಡಿಯುವುದು ಎರಡು ಬಗೆ. ವರ್ಷವಿಡೀ ತಿಮ್ಮವ್ವನಂಥ ಬಡ ಹೆಂಗಸರು ದಂಡೆಯ ಕೆಸರಿನಲ್ಲಿ ತಳವಿಲ್ಲದ ಬುಟ್ಟಿ, ನಮ್ಮ ಬಾಯಲ್ಲಿ ಪುಟ್ಟಿ, ಒತ್ತಿ, ಒಳಗೆ ಕೈಯಾಡಿಸಿ, ಸಾರಿಗಾಗುವಷ್ಟು ಹಿಡಿಯುತ್ತಾರೆ. ಬೇಸಿಗೆಯಲ್ಲಿ ಕಾಲುವೆ ನಿಂತು ಕೆರೆ ಇಳಿದಾಗ ಊರಿಗೆ ಊರೇ ಬಲೆ ಹಿಡಿದು ಇಳಿಯುತ್ತದೆ. ಸಿಕ್ಕಿದ್ದನ್ನೆಲ್ಲ ಒಂದೆಡೆ ಸುರಿದು ಮನೆಗೊಂದು ಗುಡ್ಡೆ ಹಾಕುತ್ತೇವೆ. ಒಬ್ಬ ಗುಡ್ಡೆಗೆ ಕೋಲು ಮುಟ್ಟಿಸಿ ಯಾರದೆಂದು ಕೇಳಬೇಕು, ಇನ್ನೊಬ್ಬ ಬೆನ್ನು ತಿರುಗಿಸಿ ನಿಂತು ಒಂದು ಹೆಸರು ಹೇಳಬೇಕು. ನೋಡದವನಿಗೆ ಪಕ್ಷಪಾತ ಎಲ್ಲಿಂದ ಬರಬೇಕು ಎಂದು ನಮ್ಮ ಹಿರಿಯರ ನಂಬಿಕೆ. ಪಾಪ, ಅವರಿಗೆ ಗೋಪಣ್ಣ ಗೊತ್ತಿರಲಿಲ್ಲ.

ತೊಂಬತ್ತೊಂದರ ಬೇಸಿಗೆಯಲ್ಲಿ ಮೀನುಗಾರಿಕೆ ಸಾಹೇಬರು ಅಮೀನ್‌ಸಾಬ್ ಸಿಂಧನೂರಿನಿಂದ ಬಂದರು. ನಿಮ್ಮ ಕೆರೆಯನ್ನು ಹರಾಜಿಗೆ ಹಾಕುವುದಿಲ್ಲ, ಊರವರೇ ಕಮಿಟಿ ಮಾಡಿ ನೋಡಿಕೊಳ್ಳಿ, ಪಾಲು ಹಾಕುವ ದಿನವೇ ಅಧ್ಯಕ್ಷರನ್ನು ಆರಿಸಿ ಎಂದರು. ಆ ದಿನ ಎಲ್ಲರೂ ಕೆಸರಾಗಿದ್ದರೆ, ಟ್ರ್ಯಾಕ್ಟರ್ ಗೋಪಣ್ಣ ಮಾತ್ರ ಇಸ್ತ್ರಿ ಅಂಗಿಯಲ್ಲಿ ಬಂದ.

"ನಾ ಅಧ್ಯಕ್ಷ ಆದ್ರ ಮೊದಲು ಈ ಪುಟ್ಟಿ ಬಂದ್ ಮಾಡಿಸ್ತೀನ್ರಿ ಸಾಹೇಬ್ರ. ಮರಿ ಮೀನೆಲ್ಲಾ ಇವರ ಹೊಟ್ಟಿಗೇ ಹೋಗಾಕತ್ತಾವ."

ತಿಮ್ಮವ್ವನದು ಗಂಡನಿಲ್ಲದ ಮನೆ, ಬುಟ್ಟಿ ನಿಂತರೆ ಬರೀ ರೊಟ್ಟಿ ಖಾರವೇ ಗತಿ. ಅವಳು ಗುಡ್ಡೆಗಳ ಪಕ್ಕದಲ್ಲಿ ಹೋಗಿ ಕುಂತಳು.

ಪ್ರತಿ ವರ್ಷ ದೊಡ್ಡ ಗುಡ್ಡೆ ಗೋಪಣ್ಣನಿಗೇ ಬೀಳುತ್ತಿತ್ತು. ಅವನ ನಸೀಬು ಎಂದುಕೊಂಡಿದ್ದೆವು. ಹೆಸರು ಹೇಳುವ ಬಸ್ಸಪ್ಪ ಅವನ ಹೆಂಡತಿಯ ತಮ್ಮ ಎಂಬುದು ಊರಿಗೆಲ್ಲ ಗೊತ್ತಿದ್ದರೂ ನಮ್ಮ ದಡ್ಡ ತಲೆಗೆ ಏನೂ ಹೊಳೆದಿರಲಿಲ್ಲ. ವರ್ಷವೆಲ್ಲ ಗಟ್ಟಿಮುಟ್ಟಾಗಿರುವ ಗೋಪಣ್ಣನಿಗೆ ಪಾಲು ಹಾಕುವ ದಿನ ಮಾತ್ರ ಕೆಮ್ಮು ಬರುತ್ತದೆ ಎಂಬುದನ್ನು ಗಮನಿಸಿದ್ದು ತಿಮ್ಮವ್ವ ಒಬ್ಬಳೇ.

ಕೋಲು ಹಿಡಿದ ಮುದುಕಪ್ಪ ಒಂದೊಂದೇ ಗುಡ್ಡೆಗೆ ಮುಟ್ಟಿಸುತ್ತ ಬಂದ. ಬೆನ್ನು ತಿರುಗಿಸಿದ್ದ ಬಸ್ಸಪ್ಪ ಬಾಯಿಗೆ ಬಂದ ಹೆಸರು ಹೇಳುತ್ತಿದ್ದ. ಒಂದು ಬಡಪಾಯಿ ಗುಡ್ಡೆ ಬಂತು, ಅದರಲ್ಲಿ ಬೆರಳುದ್ದದ ಮೀನು, ಎರಡು ಏಡಿ, ಅಷ್ಟೇ.

"ಇದು ಯಾರದು?"

ತಿಮ್ಮವ್ವ ಸೆರಗು ಬಾಯಿಗೆ ಹಿಡಿದು, ಗಂಡಸಿನ ದಪ್ಪ ದನಿಯಲ್ಲಿ ಖೊಕ್ ಖೊಕ್ ಎಂದು ಕೆಮ್ಮಿದಳು.

"ಗೋಪಣ್ಣಂದು," ಎಂದ ಬಸ್ಸಪ್ಪ.

ಗೋಪಣ್ಣನ ಪಿತ್ತ ನೆತ್ತಿಗೇರಿತು. "ಲೇ ಬಸ್ಸಪ್ಪ, ನಾ ಇನ್ನೂ ಕೆಮ್ಮೇ ಇಲ್ಲಲ್ಲೋ."

ನಮ್ಮ ದಡ್ಡ ತಲೆಗೂ ಆಗ ಹೊಳೆಯಿತು. ಆಮೇಲೆ ಊರು ನಕ್ಕಿದ್ದು ಹೇಗೆಂದರೆ, ಮುದುಕಪ್ಪ ಕೋಲು ಬಿಟ್ಟು ಹೊಟ್ಟೆ ಹಿಡಿದುಕೊಂಡು ಕುಸಿದ. ಅಮೀನ್‌ಸಾಬರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ನನಗಂತೂ ಅಷ್ಟು ವರ್ಷದ ಹೊಟ್ಟೆಯುರಿ ಆ ನಗುವಿನಲ್ಲಿ ತಣ್ಣಗಾಯಿತು.

ತಿಮ್ಮವ್ವ ಎದ್ದು ಗೋಪಣ್ಣನ ಮುಂದೆ ನಿಂತಳು.

"ಪುಟ್ಟಿ ಬಂದ್ ಮಾಡಸ್ತೀಯೇನಪ್ಪಾ?"

"ಇಲ್ಲಬೇ."

"ಜೋರಾಗಿ ಹೇಳು, ಸಾಹೇಬ್ರಿಗೆ ಕೇಳಸ್ಲಿ."

"ಪುಟ್ಟಿಯವರು ಎಂದಿನಂಗ ಹಿಡ್ಕೊಳ್ಳಲಿ," ಎಂದ ಗೋಪಣ್ಣ, ನೆಲ ನೋಡುತ್ತ.

"ಹಂಗಾದ್ರ ಅಧ್ಯಕ್ಷರು ಯಾರ್ರೀ?" ಎಂದರು ಅಮೀನ್‌ಸಾಬ್. ಜನ ಒಂದೇ ಬಾಯಿಂದ ತಿಮ್ಮವ್ವನ ಹೆಸರು ಹೇಳಿದರು.

ಅವಳು ತಲೆಯಾಡಿಸಿದಳು. "ನನಗ ಬ್ಯಾಡ್ರಿ, ಇವನೇ ಆಗ್ಲಿ. ಇವನ ಕಳ್ಳಾಟ ನಮಗ ಗೊತ್ತಾಗೈತಿ. ಹೊಸಬನ್ನ ಕುಂದ್ರಿಸಿದ್ರ, ಅವನದು ತಿಳಕೊಳ್ಳಾಕ ಮತ್ತ ಎಷ್ಟು ಬ್ಯಾಸಗಿ ಬೇಕೋ ಏನೋ."