ಹೊಸನಗರಕ್ಕೆ ಕಾಣ್ತಾ?

ಮದುವೆಯಾದ ಮಗಳಿಗೆ ಅಪ್ಪನ ಸೂತಕ ಮೂರೇ ದಿನ. ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ, ಹೊಸನಗರದ ತವರುಮನೆಯಿಂದ ಸಾಗರಕ್ಕೆ ಬಂದುಬಿಟ್ಟೆ. ಆರನೆಯ ದಿನ, ಸೋಮವಾರ, ಅಂಗಡಿಯ ಬಾಗಿಲು ತೆಗೆದೆ. ಕ್ಯಾಮರಾ ಕೂರಿಸುವ, ಇಂಟರ್‌ನೆಟ್ ಸರಿಮಾಡುವ ಅಂಗಡಿ ನಮ್ಮದು. ಗಂಡ ನಿರಂಜನ ಕೌಂಟರಿನಲ್ಲಿ ಕೂರುತ್ತಾನೆ, ಏಣಿ ಹತ್ತುವುದು ನಾನು.

"ಇನ್ನೆರಡು ದಿನ ಮನೆಯಲ್ಲಿರು ಶ್ರೀಗೌರಿ" ಎಂದ ನಿರಂಜನ. ಇದ್ದು ಮಾಡುವುದೇನು? ಅಳು ಬಂದರೆ ತಾನೆ. ಅಪ್ಪನನ್ನು ಎತ್ತಿಕೊಂಡು ಹೋಗುವಾಗಲೂ ಬರಲಿಲ್ಲ. ಬಂದ ನೆಂಟರೆಲ್ಲ ನನ್ನ ಮುಖ ನೋಡಿ ಗಟ್ಟಿಗಿತ್ತಿ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ವಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಮೈಯೆಲ್ಲ ಹಾಗಿತ್ತು. ಊಟ ಮಾಡುತ್ತಿದ್ದೆ, ನಿದ್ದೆ ಮಾಡುತ್ತಿದ್ದೆ, ಯಾರು ಏನು ಹೇಳಿದರೂ ಆಯ್ತು ಎನ್ನುತ್ತಿದ್ದೆ.

ಅಂಗಡಿ ತೆಗೆದು ಹತ್ತು ನಿಮಿಷಕ್ಕೆ ರವಿಶಂಕರ ಅವರ ಫೋನು ಬಂತು. ಹುಲಿಕಲ್ ಮೇಲಿನ ಗುಡ್ಡದ ದೇವಸ್ಥಾನದ ಕಮಿಟಿಗೆ ಅವರೇ ಅಧ್ಯಕ್ಷರು.

"ತಂಗಿ, ಶನಿವಾರ ದೀಪೋತ್ಸವ. ಕ್ಯಾಮರಾ ಹೊರಗಿನವ್ರಿಗೂ ಕಾಣೋ ಹಾಗೆ ಮಾಡ್ಕೊಡ್ತೀನಿ ಅಂದಿದ್ರಲ್ಲ. ಇವತ್ತು ಬರ್ತೀರಾ?"

ಆಯ್ತು ಎಂದೆ.

ಆ ದೇವಸ್ಥಾನದ ಅರ್ಚಕ ನನ್ನ ಚಿಕ್ಕಪ್ಪ. ಮದುವೆಯಾಗಲಿಲ್ಲ. ದೇವಸ್ಥಾನದ ಪಕ್ಕದ ಕೋಣೆಯಲ್ಲೇ ವಾಸ, ಕೈಯಲ್ಲಿ ಫೋನಿಲ್ಲ. ಇದ್ದರೂ ಆ ಗುಡ್ಡದಲ್ಲಿ ಸಿಗ್ನಲ್ ಇಲ್ಲ. ಅಪ್ಪನಿಗೂ ಅವನಿಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಅಜ್ಜನ ವರ್ಷಾಂತಕದ ಊಟದಲ್ಲಿ, ಪಂಕ್ತಿಯಲ್ಲಿ ಎಲ್ಲರೆದುರು, ಅಪ್ಪ ಅವನನ್ನು ದೇವರ ನೈವೇದ್ಯ ತಿಂದು ಬದುಕುವವ ಎಂದುಬಿಟ್ಟ. ಚಿಕ್ಕಪ್ಪ ಅರ್ಧ ಊಟದ ಎಲೆ ಬಿಟ್ಟು ಎದ್ದುಹೋದ. ಶ್ರಾದ್ಧದ ಎಲೆ ಬಿಟ್ಟು ಏಳುವುದೆಂದರೆ ಸಣ್ಣ ಮಾತೇ? ಹೇಳಿದವನದು ಹೆಚ್ಚು ತಪ್ಪೋ ಎದ್ದವನದೋ ಎಂದು ನೆಂಟರು ಇವತ್ತಿಗೂ ವಾದ ಮಾಡುತ್ತಾರೆ. ಅವರಿಗೇನು, ಪುಕ್ಕಟೆ ವಾದ.

ಈ ವರ್ಷ ಕಮಿಟಿಯವರು ದೇವಸ್ಥಾನಕ್ಕೆ ಸ್ಯಾಟಲೈಟ್ ಇಂಟರ್‌ನೆಟ್ ಹಾಕಿಸಿದರು. ಗರ್ಭಗುಡಿಯ ಎದುರು ಕ್ಯಾಮರಾ ಕೂರಿಸಿದ್ದು ನಾನೇ. ಅಪ್ಪ ಆಗಲೇ ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಅದು ಚಿಕ್ಕಪ್ಪನ ಕಿವಿಗೂ ಬಿದ್ದಿತ್ತು. ವಿಷಯ ಕೇಳಿ ಒಂದು ದಿನ ಮೆಲ್ಲಗೆ ಹೇಳಿದ, "ಅಲ್ಲಿ ಪೂಜೆ ಯನ್ನ ಫೋನಿಗೆ ಕಾಣ ಹಂಗೆ ಮಾಡಲಾಗ್ತಾ? ಅವಂಗೆ ಹೇಳಡ."

ಹೇಳಲಿಲ್ಲ. ಆದರೆ ಮೂರು ವಾರದ ಹಿಂದೆ ಆ ಕೆಲಸಕ್ಕೆ ಹೋದಾಗ ಚಿಕ್ಕಪ್ಪ ಹೂವಿನ ಬುಟ್ಟಿ ಹಿಡಿದು ಬಂದು ನನ್ನ ಹಿಂದೆ ನಿಂತ. ಬೇರೇನೂ ಕೇಳಲಿಲ್ಲ. "ಇದು ಹೊಸನಗರಕ್ಕೆ ಕಾಣ್ತಾ?" ಎಂದು ಮಾತ್ರ ಕೇಳಿದ. ನಾನು ಹೂಂ ಎಂದೆ.

ಅವತ್ತು ಕೆಲಸ ಆಗಲಿಲ್ಲ. ಕ್ಯಾಮರಾದ ಚಿತ್ರ ಹಿಡಿದಿಡುವ ರೆಕಾರ್ಡರ್ ಯಾರೋ ಭಕ್ತರು ದಾನ ಕೊಟ್ಟದ್ದು, ಹಳೆಯ ಕಾಲದ್ದು. ಹೊರಗಿನಿಂದ ನೋಡಬೇಕಾದರೆ ರೂಟರಿನಲ್ಲಿ ಅದಕ್ಕೊಂದು ಪೋರ್ಟ್, ಅಂದರೆ ಬಾಗಿಲು, ತೆರೆದುಕೊಡಬೇಕು. ಹೊರಗಿನಿಂದ ಈ ನಂಬರಿಗೆ ಬಂದವರನ್ನು ನೇರ ರೆಕಾರ್ಡರಿನ ಹತ್ತಿರ ಕಳಿಸು ಎಂದು ರೂಟರಿಗೆ ಹೇಳಿಕೊಡುವುದು, ಅಷ್ಟೇ. ಬೇರೆ ಕಡೆ ಐದು ನಿಮಿಷದ ಕೆಲಸ. ಇಲ್ಲಿ ಎಲ್ಲ ಸರಿಯಾಗಿ ಮಾಡಿದರೂ ಬಾಗಿಲು ತೆರೆಯಲಿಲ್ಲ. ಏಕೆಂದರೆ ಸ್ಯಾಟಲೈಟ್ ಕಂಪನಿಯವರು ಒಂದೊಂದು ಮನೆಗೆ ಒಂದೊಂದು ವಿಳಾಸ ಕೊಡುವುದಿಲ್ಲ. ನೂರಾರು ಮನೆಗಳಿಗೆ ಸೇರಿ ಒಂದೇ ವಿಳಾಸ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದದ್ದು ಯಾರ ಮನೆಗೆ ಎಂದು ತಿಳಿಯದೆ ದಾರಿಯಲ್ಲೇ ನಿಂತುಬಿಡುತ್ತದೆ.

ಇದಕ್ಕೆ ಉಪಾಯ ಇರಲಿಲ್ಲವೆಂದಲ್ಲ. ಮುಂಬೈಯಲ್ಲಿ ಸಣ್ಣದೊಂದು ಸರ್ವರ್ ಬಾಡಿಗೆಗೆ ಹಿಡಿದು, ದೇವಸ್ಥಾನದ ರೂಟರಿನಿಂದ ಅಲ್ಲಿಗೆ ಸದಾ ಒಂದು ಸಂಪರ್ಕ ಕಟ್ಟಿಟ್ಟರೆ ಆಯಿತು. ನೋಡುವವರು ಮುಂಬೈಗೆ ಹೋಗುತ್ತಾರೆ, ಅಲ್ಲಿಂದ ಇಲ್ಲಿಗೆ ಬರುತ್ತಾರೆ. ಒಂದು ಗಂಟೆಯ ಕೆಲಸ. ಆದರೆ ನನಗೆ ಮರುದಿನ ತೀರ್ಥಹಳ್ಳಿಯ ರೆಸಾರ್ಟಿನಲ್ಲಿ ಮೂವತ್ತೆರಡು ಕ್ಯಾಮರಾ ಹಾಕುವುದಿತ್ತು. ಸ್ಯಾಟಲೈಟಿನಲ್ಲಿ ಅದು ಸುಲಭಕ್ಕೆ ಆಗುವುದಿಲ್ಲ, ಮುಂದಿನ ವಾರ ನೋಡುತ್ತೇನೆ ಎಂದು ಅಪ್ಪನಿಗೆ ಹೇಳಿದೆ.

"ಅವಸರ ಇಲ್ಲೆ" ಎಂದ ಅಪ್ಪ.

ಮುಂದಿನ ವಾರವೂ ತೀರ್ಥಹಳ್ಳಿಯಲ್ಲೇ ಇದ್ದೆ. ಅದರ ಮುಂದಿನ ಬುಧವಾರ ಬೆಳಗಿನ ಜಾವ ಅಪ್ಪ ಹೋದ. ನಾನು ಮಾಡಬಹುದಾಗಿದ್ದ ಕೆಲಸ, ನಾನು ಮಾಡಲಿಲ್ಲ. ಅದು ಗೊತ್ತಿದೆ. ಗೊತ್ತಿದ್ದರೂ ಏನೂ ಆಗುತ್ತಿರಲಿಲ್ಲ.

ರವಿಶಂಕರ ಹುಲಿಕಲ್ಲಿನ ರಸ್ತೆ ಬದಿಯಲ್ಲಿ ಕಾಯುತ್ತಿದ್ದರು. ನನ್ನ ಗಾಡಿ ಹತ್ತಿ ಕುಳಿತವರು ಅರ್ಧ ಗುಡ್ಡ ಏರುವವರೆಗೆ ಗಂಟಲು ಸರಿಮಾಡಿಕೊಳ್ಳುತ್ತಲೇ ಇದ್ದರು.

"ಒಂದು ಮಾತು ತಂಗಿ. ಭಟ್ರಿಗೆ ವಿಷ್ಯ ಗೊತ್ತಿಲ್ಲ."

"ಯಾವ ವಿಷಯ?"

"ನಿಮ್ಮ ಅಪ್ಪಂದು. ಹೇಳಿದ್ರೆ ಅವ್ರು ಗುಡಿ ಬಿಟ್ಟು ಇಳೀಬೇಕಲ್ಲ. ಬೇರೆ ಭಟ್ರು ಈ ಹೊತ್ತಲ್ಲಿ ಎಲ್ಲಿ ಸಿಗ್ತಾರೆ? ಎರಡು ಸಾವಿರ ಜನ ಬರ್ತಾರೆ. ಸೂತಕ ಅನ್ನೋದು ಕಿವಿಗೆ ಬಿದ್ದ ಮೇಲೆ ತಾನೆ. ಶನಿವಾರ ಕಳೀಲಿ, ನಾನೇ ಹೇಳ್ತೀನಿ."

ನನ್ನ ತಮ್ಮ ಶ್ರೀಕಾಂತ ಬುಧವಾರ ಬೆಳಿಗ್ಗೆಯೇ ಇವರಿಗೆ ಫೋನು ಮಾಡಿ, ಚಿಕ್ಕಪ್ಪನಿಗೆ ಸುದ್ದಿ ಮುಟ್ಟಿಸಿ ಎಂದಿದ್ದ. ಮಧ್ಯಾಹ್ನದವರೆಗೆ ಅವನಿಗಾಗಿ ಕಾದಿದ್ದೆವು. ಸತ್ತರೂ ಬರಲಿಲ್ಲ ನೋಡು, ಎಂಥ ಹಟ ಎಂದು ಮನೆ ತುಂಬ ಮಾತಾಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಹತ್ತನೆಯ ದಿನ ಶುಕ್ರವಾರ. ಅಣ್ಣ ಸತ್ತರೆ ತಮ್ಮನಿಗೆ ಹತ್ತು ದಿನದ ಸೂತಕ. ತಡವಾಗಿ ಕೇಳಿದವನಿಗೆ ಆ ಹತ್ತರಲ್ಲಿ ಉಳಿದಷ್ಟು ದಿನ. ಹತ್ತನೆಯ ದಿನ ದಾಯಾದಿಗಳೆಲ್ಲ ಸೇರಿ ಸತ್ತವನಿಗೆ ಎಳ್ಳುನೀರು ಬಿಡುತ್ತಾರೆ. ಶನಿವಾರ ಹೇಳಿದರೆ ಚಿಕ್ಕಪ್ಪನಿಗೆ ಅದೆಲ್ಲ ಮುಗಿದುಹೋಗಿರುತ್ತದೆ. ಬೈದುಬಿಡಬೇಕಿತ್ತು ಆ ಮನುಷ್ಯನಿಗೆ. ಬೈಗುಳ ಬಾಯಿಯವರೆಗೂ ಬರಲಿಲ್ಲ. ಆಯ್ತು ಎಂದೆ.

ಚಿಕ್ಕಪ್ಪ ಒದ್ದೆ ಪಂಚೆಯಲ್ಲಿ ದೇವರ ಪಾತ್ರೆ ತೊಳೆಯುತ್ತಿದ್ದ. "ಬಂದ್ಯ ಕೂಸೆ? ಆಸರಿಗೆ ಬೇಕಾ?" ಎಂದ. ಕುಡಿಯಲು ಏನೂ ಬೇಡ ಎಂದೆ. ಅವನ ಮುಖ ನೋಡದೆ ಪೌಳಿಯ ಮೂಲೆಗೆ ಹೋಗಿ ಲ್ಯಾಪ್‌ಟಾಪ್ ತೆಗೆದೆ. ಮುಂಬೈಯ ಸರ್ವರ್ ಹಿಡಿದೆ. ಎರಡೂ ಕಡೆ ಗುಪ್ತಸಂಕೇತದ ಕೀಲಿ ಹಾಕಿ ಸಂಪರ್ಕ ಕಟ್ಟಿದೆ. ಇಪ್ಪತ್ತೈದು ಸೆಕೆಂಡಿಗೊಮ್ಮೆ ರೂಟರು ಮುಂಬೈಗೆ ನಾನಿದ್ದೇನೆ ಎಂದು ಹೇಳುತ್ತಿರಬೇಕು, ಇಲ್ಲದಿದ್ದರೆ ದಾರಿ ಮುಚ್ಚಿಹೋಗುತ್ತದೆ. ಅದನ್ನೂ ಬರೆದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಹೇಳಿದಂತೆ ಒಂದು ಗಂಟೆಯೇ ಹಿಡಿಯಿತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಒಳಗೇ ಕೂತು ನೋಡಿದರೆ ಪರೀಕ್ಷೆ ಮಾಡಿದ ಹಾಗಾಗುವುದಿಲ್ಲ. ಹೊರಗಿನವರೇ ನೋಡಬೇಕು. ಸಾಗರಕ್ಕೆ ಮೆಸೇಜು ಹಾಕಿ, ತೆರೆದು ನೋಡು ಎಂದು ನಿರಂಜನನಿಗೆ ಹೇಳಿದೆ. ರೆಕಾರ್ಡರಿನ ಪರದೆಯ ಮೂಲೆಯಲ್ಲಿ ನೋಡುವವರು ಸೊನ್ನೆ ಎಂದಿದ್ದದ್ದು ಒಂದು ಎಂದಾಯಿತು.

ಮಧ್ಯಾಹ್ನದ ಮಂಗಳಾರತಿಗೆ ಆರತಿ ತಟ್ಟೆ ಹಿಡಿದು ಗರ್ಭಗುಡಿಯೊಳಗೆ ನಿಂತಿದ್ದ ಚಿಕ್ಕಪ್ಪ ಅಲ್ಲಿಂದಲೇ ಕೇಳಿದ. "ಆತಾ?"

"ಆತು."

"ಯಾರಾರೂ ನೋಡ್ತಾ ಇದ್ದ?"

"ಒಬ್ಬರು" ಎಂದೆ. ಆಡಿದ ಮೇಲೆ ಆ ಮಾತು ಅವನಿಗೆ ಹೇಗೆ ಕೇಳಿಸಿತು ಎಂದು ಗೊತ್ತಾಯಿತು.

ಚಿಕ್ಕಪ್ಪ ದೇವರಿಗೆ ಆರತಿ ಎತ್ತಿದ. ಅದು ಮುಗಿದ ಮೇಲೆ ತಟ್ಟೆ ಹಿಡಿದೇ ಈಚೆ ತಿರುಗಿ ಕ್ಯಾಮರಾವನ್ನು ನೋಡಿದ. ಪೂಜೆಯ ಹೊತ್ತಿನಲ್ಲಿ ಗಟ್ಟಿಯಾಗಿರುವ ಅವನ ದನಿ ಕೆಳಗಿಳಿದಿತ್ತು.

"ಅಣ್ಣ, ಆನು ಅವತ್ತು ಎಲೆ ಬಿಟ್ಟು ಏಳಲಾಗಿತ್ತಿಲ್ಲೆ. ನೀ ಹೇಳಿದ್ದು ಸರಿ ಅಲ್ಲ. ಆದ್ರೂ ಅದು ಅಪ್ಪಯ್ಯನ ಊಟ. ಕೂತು ಉಂಡು, ಮತ್ತೆ ನಿನ್ನ ಹತ್ರ ಜಗಳ ಮಾಡಕ್ಕಾಗಿತ್ತು. ಗುಣ ಆದ ಮೇಲೆ ಬಾ. ಆರತಿ ತಗ."

ಆ ಕ್ಯಾಮರಾಕ್ಕೆ ಧ್ವನಿ ಹಿಡಿಯುವ ಯಂತ್ರವೇ ಇಲ್ಲ. ಸಾಗರದಲ್ಲಿ ಕೌಂಟರಿನ ಹಿಂದೆ ಕುಳಿತ ನಿರಂಜನನಿಗೆ ಒಬ್ಬ ಭಟ್ಟರು ಬಾಯಿ ಆಡಿಸುವುದು ಮಾತ್ರ ಕಂಡಿರುತ್ತದೆ. ಚಿಕ್ಕಪ್ಪ ತಟ್ಟೆಯನ್ನು ಕ್ಯಾಮರಾದ ಕಡೆಗೆ ಸ್ವಲ್ಪ ಎತ್ತಿ ಹಿಡಿದುಕೊಂಡೇ ಇದ್ದ. ಕರ್ಪೂರ ಆರುತ್ತಾ ಬಂತು.

"ಕೇಳ್ಕಂಡು ಹೇಳು ಕೂಸೆ. ಅವ ಎಂತಾರೂ ಹೇಳಿದ್ನಾ?"

ಬಾಗಿಲ ಹತ್ತಿರ ನಿಂತಿದ್ದ ರವಿಶಂಕರ ನನಗೆ ಕಣ್ಣಿನಲ್ಲೇ ಬೇಡ ಎಂದರು. ಅಪ್ಪ ಕಣ್ಣಲ್ಲಿ ನೀರು ಹಾಕಿದ, ಬರುತ್ತೇನೆ ಎಂದ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಶನಿವಾರದವರೆಗೆ ಆ ಮುದುಕ ದಿನವೂ ಮೂರು ಹೊತ್ತು ನನ್ನ ಗಂಡನಿಗೋ, ಯಾವುದೋ ಊರಿನ ಭಕ್ತರಿಗೋ ಅಣ್ಣ ಎಂದುಕೊಂಡು ಆರತಿ ತೋರಿಸುತ್ತಿದ್ದ. ಅದು ನನ್ನ ಕೈಲಾಗಲಿಲ್ಲ.

"ಅಪ್ಪಯ್ಯ ಇಲ್ಲೆ ಚಿಕ್ಕಪ್ಪ. ಹೋದ. ನೋಡ್ತಾ ಇಪ್ಪುದು ನಿರಂಜನ."

ಚಿಕ್ಕಪ್ಪ ತಟ್ಟೆಯನ್ನು ನಿಂತಲ್ಲೇ ಕೆಳಗಿಟ್ಟ. ದೇವರ ಕಡೆ ತಿರುಗಿ ನೋಡಲಿಲ್ಲ. ಹೊಸ್ತಿಲು ದಾಟಿ, ಪೌಳಿ ದಾಟಿ ಅಂಗಳಕ್ಕಿಳಿದ. ನಾನು ಹಿಂದೆಯೇ ಹೋದೆ.

"ಯಾವತ್ತು?"

"ಬುಧವಾರ, ಬೆಳಗಿನ ಜಾವ."

ರವಿಶಂಕರ ಓಡಿಬಂದರು. "ಭಟ್ರೇ, ನಾನೇ ಹೇಳೋನಿದ್ದೆ. ಶನಿವಾರ ಏನ್ ಮಾಡ್ಲಿ ಈಗ ನಾನು?" ಎಂದು ಅಳುವವರಂತೆ ಕೇಳಿದರು. ಚಿಕ್ಕಪ್ಪನಿಗೆ ಅವರ ಮೇಲೆ ಸಿಟ್ಟಾದರೂ ಬರಬಹುದಿತ್ತು. "ಬೇರೆಯವ್ರನ್ನ ಹುಡ್ಕಿ" ಎಂದ, ಅಷ್ಟೇ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತಾ ದಿನ ಎಣಿಸುತ್ತಿದ್ದ. ಎಣಿಸಿ ಮುಗಿಸಿ, ತಪ್ಪಿರಬಹುದೆಂದು ಇನ್ನೊಮ್ಮೆ ಎಣಿಸಿದ.

"ಇವತ್ತಿಗೆ ಆರು. ಇನ್ನೂ ನಾಲ್ಕು ದಿನ ಇದ್ದು" ಎಂದ. "ನಾಲ್ಕು ದಿನ ಆದ್ರೂ ಸಿಕ್ತು ಯಂಗೆ."

ಬಾವಿಕಟ್ಟೆಗೆ ಹೋಗಿ ಕೊಡದ ಮೇಲೆ ಕೊಡ ತಲೆಗೆ ಸುರಿದುಕೊಂಡ. ನೀರು ಸುರಿದುಕೊಳ್ಳುತ್ತಲೇ ಅಣ್ಣಾ ಎಂದು ದೊಡ್ಡ ದನಿ ತೆಗೆದು ಅಳಲು ಶುರುಮಾಡಿದ. ಅಷ್ಟು ವಯಸ್ಸಾದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಅವನ ಕೋಣೆಯಿಂದ ಒಣ ಪಂಚೆ ತಂದು ಕಟ್ಟೆಯ ಮೇಲಿಟ್ಟು, ಹೊಸನಗರಕ್ಕೆ ಹೊರಡಲು ಗಾಡಿ ತಿರುಗಿಸಿ ನಿಲ್ಲಿಸಿ ಕಾದೆ. ನನಗೆ ಆಗಲೂ ಅಳು ಬರಲಿಲ್ಲ. ಅವನನ್ನು ನೋಡುತ್ತಾ ನೋಡುತ್ತಾ ಹೊಟ್ಟೆಕಿಚ್ಚಾಯಿತು. ಅಪ್ಪ ಸತ್ತ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು.