ಮೂರನೇ ಕುರ್ಚಿಯ ದಿಂಬು

ಊರಿನ ಸಣ್ಣ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಕುರ್ಚಿಗಳು ನಾಲ್ಕೇ. ಸರದಿಗೆ ಕಾಯುವವರು ಹನ್ನೊಂದು ಮಂದಿ. ಗಂಡನನ್ನು ವಾರಕ್ಕೆರಡು ಸಲ ಬಸ್ಸಿನಲ್ಲಿ ದೂರದ ಪಟ್ಟಣಕ್ಕೆ ಕರೆದೊಯ್ದು ಟೈಲರಮ್ಮನ ಸೊಂಟವೇ ಬಿದ್ದುಹೋಗಿತ್ತು. "ಜಾಗ ಖಾಲಿಯಾಗಿದೆ, ನಾಳೆನೇ ಬನ್ನಿ" ಎಂದು ನರ್ಸಕ್ಕ ಫೋನು ಮಾಡಿದಾಗ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಬೀದಿಯವರಿಗೆಲ್ಲ ಸಾರಿ ಬಂದಳು. ಜಾಗ ಖಾಲಿಯಾದದ್ದು ಹೇಗೆಂದು ಕೇಳುವ ಬುದ್ಧಿ ಬರಬೇಕಲ್ಲ!

ಬೆಳಿಗ್ಗೆ ಗಂಡನನ್ನು ಮೂರನೇ ಕುರ್ಚಿಯಲ್ಲಿ ಕೂರಿಸಲು ಹೋದವಳು ಅಲ್ಲೇ ನಿಂತುಬಿಟ್ಟಳು. ಕುರ್ಚಿಗೆ ಒರಗಿಸಿದ್ದ ನೀಲಿ ಗೆರೆಯ ದಿಂಬು ಅವಳೇ ಹೊಲಿದದ್ದು. "ಆಸ್ಪತ್ರೇಲಿ ನಾಲ್ಕು ಗಂಟೆ ಕೂತು ಬೆನ್ನು ಹಿಡ್ಕೊಳ್ಳುತ್ತೆ ತಂಗಿ, ಹತ್ತಿಗೆ ಜಿಪುಣತನ ಮಾಡ್ಬೇಡ" ಎಂದು ಪಕ್ಕದೂರಿನ ಅಂಚೆಯಣ್ಣ ನಗುತ್ತಾ ಹೊಲಿಸಿಕೊಂಡಿದ್ದ.

"ಅಣ್ಣ ಮರೆತು ಹೋದ್ರಾ?"

ನರ್ಸಕ್ಕ ತಲೆ ತಗ್ಗಿಸಿದಳು. "ಮೊನ್ನೆ ತೀರ್ಕೊಂಡ್ರು. ದಿಂಬನ್ನ ಅವರ ಹೆಂಡ್ತಿನೇ ನಿನ್ನೆ ತಂದಿಟ್ಟು ಹೋದ್ರು. ಮುಂದೆ ಬರೋರಿಗೂ ಕುರ್ಚಿ ಒತ್ತುತ್ತೆ ಅಂದ್ರು."

"ಏನೇ, ಕೂರ್ಲಾ?" ಎಂದ ಗಂಡ.

ದಿಂಬಿನ ನಡುವೆ ಅಂಚೆಯಣ್ಣನ ಬೆನ್ನಿನ ತಗ್ಗು ಇನ್ನೂ ಇತ್ತು. ತಟ್ಟಿ ಉಬ್ಬಿಸಲು ಟೈಲರಮ್ಮನಿಗೆ ಕೈ ಏಳಲಿಲ್ಲ. ಗಂಡನನ್ನು ಮೆಲ್ಲಗೆ ಆ ತಗ್ಗಿಗೇ ಒರಗಿಸಿದಳು.